ಸೋರುವ ಸೂರು, ಬಾರದ ಮಳೆ

ಅಲನ್ ಪೇಟನ್‌ನ 'ಕ್ರೈ, ದ ಬಿಲವೆಡ್ ಕಂಟ್ರಿ' ಕಾದಂಬರಿಯ ಮಾತು ಬಂದಾಗಲೆಲ್ಲ ಅದೇ ತೀರ್ಪು: ಬರವೆಂದರೆ ಪಾಪ, ಮಳೆಯೆಂದರೆ ಕ್ಷಮೆ, ನೆಲವೆಂದರೆ ತಾಯಿ. ಮೇಷ್ಟ್ರು ಬರೆಸಿದ ನೋಟ್ಸಿನ ಹಾಗೆ ಇದು ದಶಕಗಳಿಂದ ಕೈಯಿಂದ ಕೈಗೆ ದಾಟುತ್ತಿದೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಕುಮಾಲೊ ಪಾದ್ರಿಯ ಕಣಿವೆಯಲ್ಲಿ ಮಣ್ಣು ಕೊಚ್ಚಿಹೋದದ್ದು ಯಾರ ಪಾಪದಿಂದಲೂ ಅಲ್ಲ. 1913ರ ಭೂಕಾಯ್ದೆ ದಕ್ಷಿಣ ಆಫ್ರಿಕಾದ ಬಹುಸಂಖ್ಯಾತ ಕಪ್ಪು ಜನರಿಗೆ ಬಿಟ್ಟುಕೊಟ್ಟದ್ದು ಸುಮಾರು ಶೇ. 7ರಷ್ಟು ನೆಲ, 1936ರ ಕಾಯ್ದೆ ಅದನ್ನು ಶೇ. 13ರ ಆಸುಪಾಸಿಗೆ ಏರಿಸುವ ಮಾತಾಡಿತು. ಅಷ್ಟೇ ಜಾಗದಲ್ಲಿ ಅಷ್ಟೂ ದನ ಮೇಯಬೇಕು. ಹುಲ್ಲು ತೀರಿತು, ಬೇರಿನ ಹಿಡಿತ ತಪ್ಪಿದ ಮಣ್ಣು ಹೊಳೆ ಸೇರಿತು, ಗಂಡಸರು ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿ ಸೇರಿದರು. ಪೇಟನ್‌ಗೆ ಇದೆಲ್ಲ ಗೊತ್ತಿತ್ತು. ಆದರೂ ನೆಲದ ಆ ಲೆಕ್ಕವನ್ನು ಆತ ಕುಮಾಲೊನ ಮಗನ ಕೈಯಲ್ಲಿ ಕೊಲೆಯಾದ ಆರ್ಥರ್ ಜಾರ್ವಿಸ್ ಬಿಟ್ಟುಹೋದ ಕಾಗದಗಳಲ್ಲಿ ಇಟ್ಟುಬಿಟ್ಟ. ನಮ್ಮ ಕಣ್ಣು ಒದ್ದೆಯಾಗುವುದು ಬೇರೆ ಕಡೆ. ಮಳೆ ಹೊಯ್ಯುವಾಗ ಆರ್ಥರನ ತಂದೆ, ಬಿಳಿಯ ಜಮೀನುದಾರ ಜೇಮ್ಸ್ ಜಾರ್ವಿಸ್, ಕುಮಾಲೊನ ಚರ್ಚಿನೊಳಗೆ ಬರುತ್ತಾನೆ. ಸೂರು ಸೋರುತ್ತದೆ. ಕೊಂದವನ ಅಪ್ಪನೂ ಸತ್ತವನ ಅಪ್ಪನೂ ಅದರ ಕೆಳಗೆ ಕೂರುತ್ತಾರೆ. ಚಂದದ ದೃಶ್ಯ, ನಿಜ. ಆದರೆ ಮಕ್ಕಳಿಗೆ ಹಾಲು, ಊರಿಗೆ ಅಣೆಕಟ್ಟು, ಹೊಸ ಚರ್ಚು, ಎಲ್ಲವೂ ಜಾರ್ವಿಸ್‌ನ ಕೈಯಿಂದಲೇ ಬರಬೇಕು. ಗುಡ್ಡದ ಮೇಲಿನ ಅವನ ಹಸಿರು ಹೊಲದ ಬೇಲಿ ಗೇಣಷ್ಟೂ ಕದಲುವುದಿಲ್ಲ. ಮಳೆಯನ್ನು ಕ್ಷಮೆ ಎಂದು ಓದಿದವರು ಆ ಬೇಲಿಯನ್ನೂ ಕ್ಷಮಿಸಿಬಿಟ್ಟಿರುತ್ತಾರೆ.

ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ; ನಾನು ಲೇಖಕಿ ಬೆಸ್ಸಿ ಹೆಡ್‌ಳ ಕಡೆಯವನು. ಪೇಟನ್ ಹುಟ್ಟಿದ ಪೀಟರ್‌ಮರಿಟ್ಸ್‌ಬರ್ಗ್‌ನಲ್ಲೇ 1937ರಲ್ಲಿ ಹುಟ್ಟಿದವಳು ಆಕೆ. ಬಿಳಿಯ ತಾಯಿಯನ್ನು ಸೇರಿಸಿದ್ದ ಮನೋರೋಗಿಗಳ ಆಸ್ಪತ್ರೆಯಲ್ಲಿ. 1964ರಲ್ಲಿ, ಮತ್ತೆ ಬರಕೂಡದು ಎಂಬ ಪರವಾನಗಿ ಹಿಡಿದು ಇಂದಿನ ಬೋಟ್ಸ್ವಾನಕ್ಕೆ ಹೊರಟಳು. ಅಲ್ಲಿಯವರ ನುಡಿಯಲ್ಲಿ ಮಳೆ ಎಂದರೆ 'ಪುಲಾ'. ಹರಸುವುದಕ್ಕೂ ಅದೇ ಮಾತು, 1976ರಿಂದ ದೇಶದ ದುಡ್ಡಿಗೂ ಅದೇ ಹೆಸರು. ಆಕೆಯ 1968ರ 'ವೆನ್ ರೈನ್ ಕ್ಲೌಡ್ಸ್ ಗ್ಯಾದರ್' ಕಾದಂಬರಿಯಲ್ಲಿ ಆ ಮಳೆ ಯಾರ ಕಣ್ಣೀರಿಗೂ ಕರಗಿ ಬರುವುದಿಲ್ಲ. ಗಡಿಬೇಲಿ ದಾಟಿ ಬಂದ ಮಖಾಯ ಅಲ್ಲಿ ಕಲಿಯುವುದು ಒಣಭೂಮಿಯ ಬೇಸಾಯ. ಹೆಂಗಸರು ತಂಬಾಕು ಬೆಳೆಯಲು ಕೈಹಾಕುತ್ತಾರೆ. ಮೇವಿಗೆ ಎಷ್ಟು ಜಾಗ, ಬೇಲಿ ಎಲ್ಲಿ, ನೀರು ಎಲ್ಲಿಂದ ಎಂಬ ಚರ್ಚೆ ಪುಟಗಟ್ಟಲೆ ನಡೆಯುತ್ತದೆ. ಇದನ್ನು ಕೃಷಿ ಕೈಪಿಡಿ ಎಂದು ಮೂಗು ಮುರಿದವರಿಗೆ ಹಸಿವು ಸಾಹಿತ್ಯದ ವಸ್ತುವಾಗಿ ಕಂಡಿಲ್ಲ.

ಬರ ಬಿಗಿಯಾದಾಗ, ಆ ಹೆಂಗಸರಲ್ಲೊಬ್ಬಳಾದ ಪಾಲಿನಾಳ ಮಗ, ದನ ಕಾಯುವ ಹುಡುಗ ಐಸಾಕ್, ದೂರದ ದೊಡ್ಡಿಯಲ್ಲಿ ಒಬ್ಬನೇ ಸಾಯುತ್ತಾನೆ. ಹುಡುಕಿ ಹೋದವರಿಗೆ ಮೊದಲು ಕಾಣುವುದು ರಣಹದ್ದುಗಳು. ಗುಡಿಸಲೊಳಗೆ ಹೋದ ಮಖಾಯನಿಗೆ ಸಿಗುವುದು ಬಿಳಿ ಮೂಳೆಗಳು, ಮತ್ತೆ ಹುಡುಗ ಮರದಲ್ಲಿ ಕೆತ್ತಿಟ್ಟಿದ್ದ ಪುಟ್ಟ ಗೊಂಬೆಗಳು.

ನವ್ಯದ ಕಾಲದಿಂದ ನಮ್ಮ ವಿಮರ್ಶೆಗೂ ಪ್ರತಿಮೆಯ ಗೀಳು ಅಂಟಿಕೊಂಡಿದೆ. ಬಾವಿ ಬತ್ತಿದರೆ ಆತ್ಮ ಬತ್ತಿತು ಎನ್ನುತ್ತೇವೆ, ಬಾವಿ ಯಾರದ್ದು ಎಂದು ಕೇಳುವುದಿಲ್ಲ. ಅದನ್ನು ಕೇಳದ ರುಚಿ ಹೊಟ್ಟೆ ತುಂಬಿದವರ ರುಚಿ. ಐಸಾಕ್‌ನ ಗೊಂಬೆಗಳನ್ನು ನಾನು ಯಾವುದರ ಸಂಕೇತವೆಂದೂ ಓದಲಾರೆ. ದನ ಕಾಯುತ್ತ, ನೀರಿಗೆ ಕಾಯುತ್ತ, ಒಬ್ಬ ಹುಡುಗ ಕೂತು ಕೆತ್ತಿದ ಗೊಂಬೆಗಳು ಅವು.