ಮಾನಕೀರದ ಊಟ: ಪರದೇಶಿಗಳ ಸಾಕ್ಷ್ಯವನ್ನು ಕುರಿತು ಒಂದು ವಿಮರ್ಶೆ

ರಾಷ್ಟ್ರಕೂಟರ ಇತಿಹಾಸವನ್ನು ಬೋಧಿಸುವಾಗ ನಮ್ಮ ಕಾಲೇಜುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಕ್ರಿ. ಶ. 851ರಲ್ಲಿ ಸುಲೈಮಾನನೆಂಬ ಅರಬ ವರ್ತಕನು ಮಳಖೇಡಕ್ಕೆ ಬಂದನು. ಅಮೋಘವರ್ಷ ನೃಪತುಂಗನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಹೊಗಳಿದನು ಎಂಬುದೇ ಆ ಮಾತು. ಈ ಲೇಖಕನೂ ಹಲವು ವರ್ಷ ಇದನ್ನೇ ಟಿಪ್ಪಣಿಯಾಗಿ ಬರೆಯಿಸಿದ್ದಾನೆ. ಉತ್ತರಪತ್ರಿಕೆಗಳಲ್ಲಿ ಅದು ಹಾಗೆಯೇ ಮರಳಿ ಬಂದಾಗ ಪೂರ್ಣಾಂಕಗಳನ್ನೂ ಕೊಟ್ಟಿದ್ದಾನೆ. ಒಮ್ಮೆ ಕಾಗಿಣಾ ತೀರದ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ಅವರು ಮಳಖೇಡಕ್ಕ ಬಂದಾಗ ಏನು ಉಂಡರು?” ಎಂದು ಕೇಳಿದನು. ತರಗತಿ ನಕ್ಕಿತು. ನಾನೂ ನಕ್ಕು ಪಾಠವನ್ನು ಮುಂದುವರಿಸಿದೆನು. ಆದರೆ ಅದು ನಗತಕ್ಕ ಪ್ರಶ್ನೆಯಾಗಿರಲಿಲ್ಲವೆಂಬುದು ಮೂಲವನ್ನು ತೆರೆದು ನೋಡಿದ ಮೇಲೆ ತಿಳಿಯಿತು. ಒಂದು ಊರಿಗೆ ಬಂದವನು ಅಲ್ಲಿ ಏನಾದರೂ ಉಂಡಿರಲೇಬೇಕು. ಉಂಡದ್ದರ ಗುರುತು ಅವನ ಬರಹದಲ್ಲಿ ಎಲ್ಲಿಯೂ ಇಲ್ಲದಿದ್ದರೆ, ಬಂದನೆಂಬ ಮಾತನ್ನೇ ಪರೀಕ್ಷಿಸಬೇಕಾಗುತ್ತದೆ.

ಮೊದಲು ಗ್ರಂಥದ ವಿಚಾರ. ‘ಅಖ್ಬಾರ್ ಅಸ್‌-ಸೀನ್ ವಲ್‌-ಹಿಂದ್’ ಎಂದು, ಅಂದರೆ ಚೀನ ಮತ್ತು ಹಿಂದ್ ದೇಶಗಳ ವಾರ್ತೆಗಳೆಂದು ಪ್ರಸಿದ್ಧವಾಗಿರುವ ಈ ಕೃತಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು 851ರಲ್ಲಿ ಸಂಕಲಿತವಾದುದು. ಎರಡನೆಯದನ್ನು ಸುಮಾರು 916ರ ಹೊತ್ತಿಗೆ ಪಾರಸಿ ಕೊಲ್ಲಿಯ ಸಿರಾಫ್ ಬಂದರಿನ ಅಬೂ ಜೈದನು ಸೇರಿಸಿದನು. ಮೊದಲ ಭಾಗದ ಕರ್ತೃ ಯಾರೆಂಬುದಕ್ಕೆ ಪ್ರಮಾಣವಿಲ್ಲ. ಸುಲೈಮಾನನ ಹೆಸರು ಅದರಲ್ಲಿ ಬರುವುದು ಒಂದೇ ಕಡೆ, ಅದೂ ಸುದ್ದಿ ಹೇಳಿದವರಲ್ಲಿ ಒಬ್ಬನೆಂದು ಮಾತ್ರ. ಇಡೀ ಗ್ರಂಥವನ್ನು ಅವನ ಹೆಸರಿಗೆ ಕಟ್ಟಿದ ರೂಢಿ ಈಚಿನದು. ಸಮುದ್ರ ವ್ಯಾಪಾರಿಗಳ ಬಾಯಿಮಾತುಗಳ ಸಂಗ್ರಹವಾದ ಈ ಪುಸ್ತಕದಲ್ಲಿ ಯಾರೊಬ್ಬರೂ ಬಂದರನ್ನು ಬಿಟ್ಟು, ಘಟ್ಟವನ್ನೇರಿ, ಭೀಮೆಯನ್ನು ದಾಟಿ ಕಾಗಿಣಾ ದಂಡೆಗೆ ಬಂದ ವೃತ್ತಾಂತವಿಲ್ಲ. ‘ಬಲ್ಹರಾ’ ಎಂಬ ರಾಜನಿದ್ದಾನೆ. ಅದು ‘ವಲ್ಲಭರಾಜ’ ಶಬ್ದದ ಅರಬ ರೂಪವೆಂಬುದನ್ನು ವಿದ್ವಾಂಸರು ಬಹುಕಾಲದ ಹಿಂದೆಯೇ ಒಪ್ಪಿದ್ದಾರೆ. ಆದರೆ ಆ ವಲ್ಲಭನ ಮುಖವನ್ನು ಕಂಡವನು ಇಲ್ಲ.

ಇನ್ನು ನಾಲ್ವರು ರಾಜರ ಮಾತು. ನಾವು ನಾಲ್ಕನೆಯವನನ್ನು ಹೇಳಿ ಸಂತೋಷಪಡುತ್ತೇವೆ, ಮೊದಲನೆಯವನನ್ನು ಹೇಳುವುದಿಲ್ಲ. ಮೂಲದ ಪಟ್ಟಿಯಲ್ಲಿ ಪ್ರಥಮಸ್ಥಾನ ಅರಬರ ದೊರೆಯದು. ತರುವಾಯ ಚೀನದ ರಾಜ, ರೂಮಿನ ರಾಜ, ಕೊನೆಗೆ ಬಲ್ಹರಾ. ಅಲ್ಲದೆ ಇದು ತನ್ನ ಅಭಿಪ್ರಾಯವೆಂದು ಕರ್ತೃವು ಹೇಳುವುದಿಲ್ಲ. ಹಿಂದಿನವರೂ ಚೀನದವರೂ ಹೀಗೆ ಒಪ್ಪಿದ್ದಾರೆಂದು ಹೇಳುತ್ತಾನೆ. ನೃಪತುಂಗನ ಪ್ರಜೆಗಳು ಬಾಗದಾದಿನ ಖಲೀಫನನ್ನು ತಮ್ಮ ಒಡೆಯನಿಗಿಂತ ಮೂರು ಮೆಟ್ಟಿಲು ಮೇಲಿಟ್ಟಿದ್ದರೆಂದು ನಂಬುವುದಕ್ಕೆ ಆ ಕಾಲದ ನಮ್ಮ ಶಾಸನಗಳನ್ನು ಓದಿದ ಯಾರಿಗೂ ಮನಸ್ಸಾಗದು. ಬಲ್ಹರಾನಿಗಿಂತ ಹೆಚ್ಚಾಗಿ ಅರಬರನ್ನು ಪ್ರೀತಿಸುವ ರಾಜನು ಆ ಭಾಗದಲ್ಲಿಲ್ಲವೆಂಬ ಮಾತೂ ಅಲ್ಲಿಯೇ ಇದೆ. ಒಟ್ಟಿನಲ್ಲಿ ಇದು ತಮ್ಮ ಸರಕಿಗೆ ತೊಂದರೆ ಕೊಡದ ದೊರೆಗೆ ವರ್ತಕರು ಕೊಟ್ಟ ಪ್ರಶಸ್ತಿ. ಅದಕ್ಕೆ ಬೆಲೆಯಿಲ್ಲವೆಂದಲ್ಲ, ಕೊಂಕಣದ ಬಂದರುಗಳಲ್ಲಿ ರಾಷ್ಟ್ರಕೂಟರ ಆಡಳಿತ ಹೇಗಿತ್ತೆಂಬುದಕ್ಕೆ ಅದು ಸಾಕ್ಷಿ. ಮಳಖೇಡಕ್ಕೆ ಮಾತ್ರ ಸಾಕ್ಷಿಯಲ್ಲ. ಇದೇ ಗ್ರಂಥವು ಬಲ್ಹರಾನ ನೆಲ ಕೊಂಕಣದ ತೀರದಿಂದ ಹೊರಟು ಭೂಮಾರ್ಗವಾಗಿ ಚೀನದವರೆಗೂ ಹಬ್ಬಿದೆಯೆನ್ನುತ್ತದೆ. ಅದೇ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಮೇರೆಗಳನ್ನು ಕಾವೇರಿ ಗೋದಾವರಿಗಳೆಂದು ಸ್ಪಷ್ಟವಾಗಿ ಗುರುತಿಸುತ್ತದೆ. ಮನೆಯವನಿಗೆ ತನ್ನ ಬೇಲಿ ಗೊತ್ತು. ಹಡಗಿನಲ್ಲಿ ಕುಳಿತವನಿಗೆ ಬೇಲಿ ಕಾಣದು.

ಊಟದ ವಿಷಯದಲ್ಲಿ ಈ ದೂರವು ಇನ್ನೂ ಸ್ಪಷ್ಟವಾಗುತ್ತದೆ. ಹಿಂದಿನವರ ಆಹಾರ ಅಕ್ಕಿ, ಚೀನದವರು ಅಕ್ಕಿಯನ್ನೂ ಗೋದಿಯನ್ನೂ ತಿನ್ನುತ್ತಾರೆ, ಹಿಂದಿನವರು ಗೋದಿಯನ್ನು ತಿನ್ನುವುದಿಲ್ಲ ಎಂದು ಅಖ್ಬಾರ್ ಹೇಳುತ್ತದೆ. ಹಿಂದಿನವರು ಕಡ್ಡಿಯಿಂದ ಹಲ್ಲುಜ್ಜಿ ಮೈತೊಳೆಯದೆ ಉಣ್ಣುವುದಿಲ್ಲ, ಚೀನದವರಿಗೆ ಆ ನಿಯಮವಿಲ್ಲ ಎಂಬುದೂ ಅಲ್ಲಿದೆ. ಎರಡನೆಯದು ಚೆನ್ನಾಗಿ ನೋಡಿ ಬರೆದದ್ದು. ಮೊದಲನೆಯದು ಕರಾವಳಿಗೆ ಸಲ್ಲುವ ಮಾತು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕರಿನೆಲವನ್ನು ಕಂಡವರು ಇಲ್ಲಿಯ ಜನ ಅಕ್ಕಿಯುಂಡು ಬದುಕಿದರೆಂದು ಹೇಳಲಾರರು. ಇಂದಿನ ಬೆಳೆಯಿಂದ ಸಾವಿರ ವರ್ಷಗಳ ಹಿಂದಿನದನ್ನು ಊಹಿಸುವುದು ಸಲ್ಲದೆಂಬ ಆಕ್ಷೇಪ ಬರಬಹುದು; ಅದು ನ್ಯಾಯವಾದುದೇ. ಆದರೆ ಭಾಷೆಯೇ ಇಲ್ಲಿ ಸಾಕ್ಷಿ ನುಡಿಯುತ್ತದೆ. ಒಡೆಯನ ಅನ್ನದ ಋಣವನ್ನು ಭಟನು ರಣರಂಗದಲ್ಲಿ ತೀರಿಸಬೇಕಾದ ಹೊಣೆಗೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂದು ಹೆಸರು. ರಾಷ್ಟ್ರಕೂಟರ ಸಾಮಂತನಾದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ 941ರಲ್ಲಿ ಪಂಪನು ರಚಿಸಿದ ಭಾರತದಲ್ಲಿಯೂ, ವೀರಗಲ್ಲುಗಳಲ್ಲಿಯೂ ಈ ಭಾವನೆ ಬಳಕೆಯಲ್ಲಿದೆ. ಬೇರೆಯವರು ಉಪ್ಪಿನ ಋಣವೆಂದರು, ನಮ್ಮವರು ಜೋಳದ ಋಣವೆಂದರು. ಬಲ್ಹರಾನು ಅರಬರಂತೆ ಸೈನಿಕರಿಗೆ ವೇತನ ಕೊಡುತ್ತಾನೆಂದು ಅಖ್ಬಾರ್ ಬರೆಯುತ್ತದೆ. ಆ ವೇತನವನ್ನು ಸೈನಿಕನು ಯಾವ ಧಾನ್ಯದ ಹೆಸರಿನಿಂದ ನೆನೆಯುತ್ತಿದ್ದನೆಂಬುದು ಅದರ ಕರ್ತೃವಿಗೆ ತಿಳಿಯದು.

ಅಬೂ ಜೈದನ ಪುರವಣಿಯಲ್ಲಿ ಇನ್ನೊಂದು ವಿವರವಿದೆ. ಹಿಂದಿನ ಅರಸರು ಮತ್ತು ಶ್ರೀಮಂತರಿಗೆ ಪ್ರತಿದಿನ ತೆಂಗಿನ ಗರಿಯಿಂದ ಹೆಣೆದ ತಟ್ಟೆಗಳನ್ನು ಸಿದ್ಧಪಡಿಸುತ್ತಾರೆ. ಉಂಡ ಮೇಲೆ ಮಿಕ್ಕ ಅನ್ನದೊಂದಿಗೆ ಅವನ್ನು ನೀರಿಗೆ ಎಸೆದುಬಿಡುತ್ತಾರೆ. ಎಂಜಲಿನ ವಿಚಾರವನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಪರದೇಶಿ ಮತ್ತೊಬ್ಬನು ಸಿಗುವುದು ಕಷ್ಟ. ಆದರೂ ತೆಂಗಿನ ಗರಿ ಎಂದಾಗಲೇ ನಾವು ಕರಾವಳಿಯಲ್ಲಿದ್ದೇವೆ. ನಮ್ಮ ಸೀಮೆಯ ಪತ್ರಾವಳಿ ಮುತ್ತುಗದ ಎಲೆಯದು.

ಅರಬ ಗ್ರಂಥದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ಕಂಡ ಭಾಗ ಇದರ ಪಕ್ಕದಲ್ಲಿಯೇ ಇದೆ. ಸಿರಾಫಿಗೆ ವ್ಯಾಪಾರಕ್ಕೆ ಬರುವ ಹಿಂದಿನವರನ್ನು ಅಲ್ಲಿಯ ಸಾಹುಕಾರನೊಬ್ಬನು ಊಟಕ್ಕೆ ಕರೆದರೆ, ಅತಿಥಿಗಳು ನೂರು ಮಂದಿಯಾದರೂ ಪ್ರತಿಯೊಬ್ಬನ ಮುಂದೆಯೂ ಬೇರೆ ಬೇರೆ ತಟ್ಟೆಯಿಡಬೇಕು. ಇಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುವುದು ಅವರಿಗೆ ಮಹಾದೋಷ ಎನ್ನುತ್ತಾನೆ ಅಬೂ ಜೈದ. ಇಲ್ಲಿ ಅವನು ಕೇಳಿದ ಸುದ್ದಿಯನ್ನು ಹೇಳುತ್ತಿಲ್ಲ. ಇದು ಅವನ ಸ್ವಂತ ಊರು. ಒಂದೇ ಹರಿವಾಣದ ಸುತ್ತ ಕುಳಿತು ಉಣ್ಣುವ ಜನರ ನಡುವೆ ನೂರು ತಟ್ಟೆಗಳನ್ನು ಒದಗಿಸಬೇಕಾದ ಗೃಹಸ್ಥನ ಅವಸ್ಥೆಯನ್ನು ಅವನು ಬಲ್ಲನು. ಹೀಗೆ, ಅರಬನು ನಮ್ಮ ದೇಶಕ್ಕೆ ಬಂದು ಕಂಡದ್ದಕ್ಕಿಂತ, ನಮ್ಮವರು ಅರಬರ ನೆರೆಗೆ ಹೋದಾಗ ಅವನು ಕಂಡದ್ದು ಹೆಚ್ಚು ವಿಶ್ವಾಸಾರ್ಹವಾಗಿದೆ. ಆ ವರ್ತಕರು ಕನ್ನಡಿಗರೆಂದು ಹೇಳಲು ಆಧಾರವಿಲ್ಲ. ಆದರೂ ಸಾಗರ ದಾಟಿದ ಮೇಲೂ ತಟ್ಟೆಯನ್ನು ಬಿಟ್ಟುಕೊಡದ ಈ ಜನರನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಮರೆತವು? ಅದರಲ್ಲಿ ಹೊಗಳಿಕೆ ಇಲ್ಲವೆಂಬುದೇ ಕಾರಣವೆಂದು ತೋರುತ್ತದೆ.

ಅಲ್‌ ಮಸೂದಿಯನ್ನು ಕುರಿತು ಸಂಕ್ಷೇಪವಾಗಿ ಹೇಳಿದರೆ ಸಾಕು. ಅವನು ನಿಜವಾಗಿ ಹಿಂದೂದೇಶಕ್ಕೆ ಬಂದವನು. ಹಿಜರಿ 304ರಲ್ಲಿ, ಅಂದರೆ 916ರ ಸುಮಾರಿಗೆ, ಬಲ್ಹರಾನ ಅಧೀನದಲ್ಲಿದ್ದ ಸೈಮೂರಿನಲ್ಲಿ, ಇಂದಿನ ಚೌಲದಲ್ಲಿ, ಇದ್ದನು. ಮಾನಕೀರದ ಭಾಷೆ ‘ಕೀರಿಯಾ’ ಎಂಬ ಅವನ ಮಾತನ್ನು ಕನ್ನಡಕ್ಕೆ ಅನ್ವಯಿಸಿದವರಿದ್ದಾರೆ. ಆಸೆ ಹುಟ್ಟಿಸುವ ಊಹೆ, ಆದರೆ ಒಂದೇ ಶಬ್ದದ ಮೇಲೆ ನಿಂತದ್ದು. ರಾಜಧಾನಿಯು ಸಮುದ್ರದಿಂದ ಎಂಬತ್ತು ಸಿಂಧೀ ಫರಸಂಗ, ಪ್ರತಿ ಫರಸಂಗಕ್ಕೆ ಎಂಟು ಮೈಲಿ ಎಂದು ಅವನು ಲೆಕ್ಕ ಕೊಡುತ್ತಾನೆ. ಆರುನೂರ ನಲವತ್ತು ಮೈಲಿ! ನಿಜವಾದ ದೂರ ಇದರ ಅರ್ಧವೂ ಇಲ್ಲ. ವಾಡಿಯಿಂದ ಸೇಡಮಿನ ಕಡೆಗೆ ಹೋಗುವ ರೈಲಿನಲ್ಲಿ ಮಳಖೇಡ ರೋಡ್ ನಿಲ್ದಾಣವನ್ನು ದಿನವೂ ದಾಟುವ ನಮ್ಮ ವಿದ್ಯಾರ್ಥಿಗಳೇ ಈ ವಿಷಯದಲ್ಲಿ ಮಸೂದಿಗಿಂತ ಉತ್ತಮ ಭೂಗೋಳಜ್ಞರು. ನಿಜವಾಗಿ ಮಳಖೇಡದಲ್ಲಿ ವಾಸಮಾಡಿ ಬರೆದ ಪರಸ್ಥಳದವನು ಬೇಕೆಂದರೆ ಅಪಭ್ರಂಶ ಕವಿ ಪುಷ್ಪದಂತನಿದ್ದಾನೆ. ಅವನು ಬೇರೆಡೆಯಿಂದ ಬಂದು, ಮಂತ್ರಿ ಭರತನ ಆಶ್ರಯದಲ್ಲಿದ್ದು, 965ರಲ್ಲಿ ತನ್ನ ಮಹಾಪುರಾಣವನ್ನು ಅಲ್ಲಿಯೇ ಮುಗಿಸಿದನು; 972ರಲ್ಲಿ ಪರಮಾರರು ನಗರವನ್ನು ಸೂರೆಗೊಂಡದ್ದನ್ನೂ ಬಲ್ಲನು. ಅವನನ್ನು ಕುರಿತು ಪ್ರತ್ಯೇಕವಾಗಿಯೇ ಬರೆಯಬೇಕು.

ಐದು ಶತಮಾನಗಳ ತರುವಾಯ ನಮ್ಮ ಸೀಮೆಗೆ ಬಂದ ಇನ್ನೊಬ್ಬ ವರ್ತಕನ ಬರಹವನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ರಷ್ಯದ ತ್ವೇರ್ ನಗರದ ಅಫನಾಸಿ ನಿಕಿತಿನನು ಬೀದರಿನಲ್ಲಿದ್ದ ಕಾಲವನ್ನು ಹಿಂದಿನ ವಿದ್ವಾಂಸರು 1469ರಿಂದ 1472ರವರೆಗಿನ ಅವಧಿಯಲ್ಲಿಟ್ಟಿದ್ದರು. ಈಚಿನ ಪರಿಶೋಧನೆ ಅದನ್ನು 1471-74ಕ್ಕೆ ಸರಿಸಿದೆ. ಯಾವುದಾದರೂ ಅದು ಮಹಮೂದ ಗವಾನನ ಕಾಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಾಮ್‌ಜಿನನು ಬೆಳಕಿಗೆ ತಂದ ಈ ‘ಮೂರು ಸಮುದ್ರಗಳಾಚೆಯ ಯಾತ್ರೆ’ 1857ರಲ್ಲಿ ಹಕ್ಲೂಯ್ಟ್ ಸಂಘದ ಮೂಲಕ ಇಂಗ್ಲಿಷಿನಲ್ಲಿ ಬಂದಿತು. 1957ರ ‘ಪರದೇಸಿ’ ಚಲನಚಿತ್ರವು ಅವನನ್ನು ಪ್ರಣಯನಾಯಕನನ್ನಾಗಿ ಮಾಡಿತು. ಬರಹದಲ್ಲಿರುವವನು ಉಪವಾಸದ ದಿನಗಳನ್ನು ಎಣಿಸುತ್ತ ಲೆಕ್ಕ ತಪ್ಪಿದ ಒಬ್ಬ ನೊಂದ ಮನುಷ್ಯ.

ವೋಲ್ಗಾ ನದಿಯ ಮುಖದಲ್ಲಿ ಅವನನ್ನು ದರೋಡೆ ಮಾಡಿದರು, ಧರ್ಮಗ್ರಂಥಗಳೂ ಹೋದವು. ಹೋರ್ಮುಜಿನಿಂದ ಒಂದು ಕುದುರೆಯನ್ನು ಹಡಗಿನಲ್ಲಿ ತಂದನು. ಜುನ್ನರಿನಲ್ಲಿ ಅಸದಖಾನನು ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಕುದುರೆಯೊಡನೆ ಸಾವಿರ ಹೊನ್ನನ್ನೂ ಕೊಡುವೆನೆಂದು ನಾಲ್ಕು ದಿನ ಗಡುವು ಕೊಟ್ಟನು. ಖುರಾಸಾನದ ಒಬ್ಬ ಗೃಹಸ್ಥನ ನೆರವಿನಿಂದ ಪಾರಾದನು. ಕೊನೆಗೆ ಬೀದರಿನಲ್ಲಿ ಕುದುರೆ ಮಾರಿದನು. ಇಲ್ಲಿಯ ಸರಕು ತನ್ನ ನಾಡಿಗೆ ಹೊಂದುವುದಿಲ್ಲ, ಮೆಣಸು ಅಗ್ಗವಾದರೂ ಸುಂಕ ಹೆಚ್ಚು, ತನಗೆ ಆಸೆ ತೋರಿಸಿದವರು ಸುಳ್ಳು ಹೇಳಿದರು ಎಂದು ಗೊಣಗುತ್ತಾನೆ. ತಾನು ಹೋದಲ್ಲೆಲ್ಲ ಬಿಳಿಯನನ್ನು ನೋಡಲು ಜನ ಹಿಂದೆ ಬರುತ್ತಾರೆಂದೂ ಬರೆಯುತ್ತಾನೆ. ಹಿಂದೂದೇಶವನ್ನು ನೋಡಲು ಬಂದವನೇ ಇಲ್ಲಿ ನೋಟದ ವಸ್ತುವಾದನು!

ಆಹಾರದ ವಿಷಯದಲ್ಲಿ ನಿಕಿತಿನನ ಸಾಕ್ಷ್ಯವು ಅಖ್ಬಾರಿಗಿಂತ ಬೇರೆಯ ಜಾತಿಯದು. ಜನ ದಿನಕ್ಕೆ ಎರಡು ಸಲ ಉಣ್ಣುತ್ತಾರೆ, ರಾತ್ರಿ ಉಣ್ಣುವುದಿಲ್ಲ. ಅನ್ನ, ತುಪ್ಪ ಹಾಕಿದ ಖಿಚಡಿ, ಸೊಪ್ಪು ಅವರ ಆಹಾರ. ಬಲಗೈಯಿಂದಲೇ ಉಣ್ಣುತ್ತಾರೆ, ಚಾಕು ಚಮಚಗಳನ್ನರಿಯರು. (ಆ ಸೊಪ್ಪು ಪುಂಡಿಪಲ್ಯವೆಂದು ಹೇಳಲು ಆಧಾರವಿಲ್ಲ, ಆಸೆಯೇನೋ ಇದೆ.) ಕೆಲವರು ಕುರಿ, ಕೋಳಿ, ಮೀನು, ಮೊಟ್ಟೆಗಳನ್ನು ತಿನ್ನುತ್ತಾರೆ, ಗೋಮಾಂಸವನ್ನು ಯಾರೂ ತಿನ್ನರು. ಒಬ್ಬರೊಡನೊಬ್ಬರು ಕೂಡಿ ಉಣ್ಣುವುದಿಲ್ಲ, ಹೆಂಡತಿಯೊಡನೆ ಸಹ. ಪ್ರಯಾಣದಲ್ಲಿ ಪ್ರತಿಯೊಬ್ಬನ ಬಳಿಯೂ ಅವನವನ ಅಡುಗೆಯ ಪಾತ್ರೆಯಿರುತ್ತದೆ. ಪರಮತದವನು ಪಾತ್ರೆಯೊಳಕ್ಕೆ ಇಣುಕಿದರೆ ಆ ಅನ್ನವನ್ನು ಮುಟ್ಟುವುದಿಲ್ಲ. ಕೆಲವರು ಯಾರೂ ನೋಡದಂತೆ ಬಟ್ಟೆ ಹೊದೆದುಕೊಂಡು ಉಣ್ಣುತ್ತಾರೆ.

ಹಾಗಾದರೆ ಪಾತ್ರೆಯೊಳಗಿನ ಖಿಚಡಿ ಇವನಿಗೆ ಹೇಗೆ ಕಂಡಿತು? ಇದಕ್ಕೆ ಉತ್ತರ ಅವನ ಬರಹದಲ್ಲಿಯೇ ಇದೆ. ಅವನು ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರಿನಿಂದ ತಿರುಗುತ್ತಿದ್ದನು. ಬೀದರಿನಲ್ಲಿ ಹಲವರು ಹಿಂದೂಗಳ ಪರಿಚಯವಾದ ಮೇಲೆ, ತಾನು ಮುಸಲ್ಮಾನನಲ್ಲ, ಕ್ರೈಸ್ತನು, ತನ್ನ ಹೆಸರು ಅಫನಾಸಿ ಎಂದು ಅವರಲ್ಲಿ ಹೇಳಿಕೊಂಡನು. ಅಂದಿನಿಂದ ಅವರು ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ, ಹೆಂಗಸರನ್ನಾಗಲಿ ತನ್ನಿಂದ ಮರೆಮಾಡಲಿಲ್ಲವೆಂದು ಬರೆಯುತ್ತಾನೆ. ಅವರೊಡನೆ ಶಿವರಾತ್ರಿಗೆ ಶ್ರೀಶೈಲಕ್ಕೂ ಹೋಗಿಬಂದನು. ಅವನ ಆಹಾರವರ್ಣನೆಗೆ ಪ್ರಾಮಾಣ್ಯ ಬಂದದ್ದು ಇಲ್ಲಿಂದ. ಅವನು ಹೆಸರು ಮರೆಸಿಕೊಂಡಿದ್ದಷ್ಟು ಕಾಲ ಅವರೂ ಪಾತ್ರೆಯ ಬಾಯಿ ಮುಚ್ಚಿದ್ದರು. ಸುರಪುರದಲ್ಲಿ 1841ರಿಂದ 1853ರವರೆಗಿದ್ದ ಮೆಡೋಸ್ ಟೇಲರನಿಗೂ ನಮ್ಮ ಜನರ ಪರಿಚಯವಿತ್ತು. ಆದರೆ ಅಧಿಕಾರಿಯ ಮುಂದೆ ತೆರೆಯುವ ಬಾಗಿಲು ಬೇರೆ.

ಅಷ್ಟಾದರೂ ನಿಕಿತಿನನ ಈ ಊಟದ ವರ್ಣನೆಯಲ್ಲಿಯೂ ಜೋಳದ ಹೆಸರಿಲ್ಲ. ಆದಕಾರಣ ಅವನನ್ನೂ ಪೂರ್ಣವಾಗಿ ನಂಬಿ ಕೂಡುವಂತಿಲ್ಲ. ಅವನ ಗೆಳೆಯರು ರಾಜಧಾನಿಯ ವ್ಯಾಪಾರಿಗಳಾಗಿರಬೇಕು. ಅವರ ಒಲೆಯ ಮೇಲಿದ್ದದ್ದು ಚಿಂಚೋಳಿಯ ಒಕ್ಕಲಿಗನ ಒಲೆಯ ಮೇಲಿತ್ತೆಂದು ಹೇಳುವುದು ತಪ್ಪಾದೀತು. ಹಳ್ಳಿಯ ಜನ ಬಹಳ ಬಡವರು, ಅಮೀರರು ಬಹಳ ಶ್ರೀಮಂತರು, ಅವರನ್ನು ಬೆಳ್ಳಿಯ ಮಂಚದಲ್ಲಿ ಹೊತ್ತು ನಡೆಯುತ್ತಾರೆ ಎಂದು ಅವನು ಬರೆದಿದ್ದಾನೆ. ಆ ಬಡವರ ಬುತ್ತಿಯನ್ನು ಅವನು ಬಿಚ್ಚಿ ನೋಡಲಿಲ್ಲ. ತನ್ನ ನಾಡಿನ ವಿಷಯದಲ್ಲಿಯೂ ಇದೇ ನೋವು ಅವನಿಗಿತ್ತು: ರಷ್ಯದಂಥ ದೇಶವಿಲ್ಲ, ಆದರೆ ಅಲ್ಲಿಯ ಪ್ರಭುಗಳಲ್ಲಿ ನ್ಯಾಯವಿಲ್ಲವೆಂಬ ಮಾತನ್ನು ಅವನು ರಷ್ಯನ್ ಭಾಷೆಯಲ್ಲಿ ಬರೆಯದೆ ತುರ್ಕಿಯಲ್ಲಿ ಬರೆದಿಟ್ಟಿದ್ದಾನೆ. ಊರು ಸೇರುವ ಮೊದಲೇ, ಸ್ಮೊಲೆನ್ಸ್ಕಿನ ಬಳಿ ತೀರಿಕೊಂಡನು.

ನಮ್ಮ ಬೋಧನೆಯಲ್ಲಿ ಆಗಬೇಕಾದ ತಿದ್ದುಪಡಿ ದೊಡ್ಡದೇನಲ್ಲ. ‘ಸುಲೈಮಾನನು ಮಳಖೇಡಕ್ಕೆ ಬಂದನು’ ಎಂಬುದನ್ನು ಹೊಡೆದುಹಾಕಿ, ‘ಕೊಂಕಣದ ಬಂದರುಗಳ ಅರಬ ವರ್ತಕರು ಕೇಳಿ ಬರೆದರು’ ಎಂದು ಬರೆಯಿಸಬೇಕು. ನಾನು ಹಾಗೆ ಮಾಡಿದ್ದೇನೆ. ಇದರಿಂದ ಮಳಖೇಡದ ಗೌರವಕ್ಕೆ ಕುಂದೆಂದು ಒಬ್ಬಿಬ್ಬರು ಸಹೋದ್ಯೋಗಿಗಳು ಬೇಸರಪಟ್ಟರು. ಕಾಗಿಣಾ ದಂಡೆಯ ಕೋಟೆ, ಬಸದಿ, ‘ಕವಿರಾಜಮಾರ್ಗ’ ಇರುವಾಗ ಬಾರದ ಅತಿಥಿಯ ಪ್ರಶಂಸೆ ನಮಗೇಕೆ ಬೇಕೆಂದು ಅವರನ್ನು ಕೇಳಿದೆನು. ಚರ್ಚೆ ಇನ್ನೂ ಮುಗಿದಿಲ್ಲ. ಸಿರಾಫಿನ ತಟ್ಟೆಗಳ ಪ್ರಸಂಗವನ್ನೂ ಬೀದರಿನ ಅಡುಗೆಪಾತ್ರೆಯ ಪ್ರಸಂಗವನ್ನೂ ಎರಡೆರಡು ಪುಟಗಳಷ್ಟು ಕನ್ನಡಕ್ಕೆ ತಂದು ಬರುವ ವರ್ಷದ ಪದವಿ ತರಗತಿಗೆ ಕೊಡಬೇಕೆಂದಿದ್ದೇನೆ. ಅರಬಿ ಮತ್ತು ರಷ್ಯನ್ ಭಾಷೆಗಳನ್ನು ಬಲ್ಲ ಅಧ್ಯಾಪಕಮಿತ್ರರು ಇಂಗ್ಲಿಷಿನ ಮೂಲಕ ಬಂದ ಆ ಪುಟಗಳನ್ನು ಮೂಲದೊಡನೆ ಹೋಲಿಸಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.