ಸಂಕೇತ–ಗದ್ದಲ ಅನುಪಾತ: ಒಂದು ಪರಾಮರ್ಶೆ

ಔಷಧವೊಂದರಲ್ಲಿ ಅತ್ಯಲ್ಪವಾಗಿ ಬೆರೆತಿರಬಹುದಾದ ಕಲ್ಮಶವನ್ನು ಕ್ರೊಮ್ಯಾಟೋಗ್ರಫಿಯಿಂದ ಅರಸುವಾಗ, ಆಧಾರರೇಖೆಯಿಂದ ತುಸುವೇ ತಲೆಯೆತ್ತಿದ ಪೀಕ್ ಆ ವಸ್ತುವಿನದೋ, ಅಥವಾ ಡಿಟೆಕ್ಟರಿನ ಸಹಜ ಕಂಪನವೋ ಎಂಬುದನ್ನು ನಿರ್ಣಯಿಸಲು ರಸಾಯನಜ್ಞರು ಆಶ್ರಯಿಸಿರುವ ಮಾನದಂಡವೇ ಸಂಕೇತ–ಗದ್ದಲ ಅನುಪಾತ, ಅಂದರೆ ಪೀಕಿನ ಎತ್ತರ ಆಧಾರರೇಖೆಯ ಗದ್ದಲದ ಎಷ್ಟು ಪಟ್ಟು ಎಂಬುದು. ಅದು 3 ಇದ್ದರೆ ವಸ್ತುವಿನ ಇರವನ್ನೂ, 10 ಇದ್ದರೆ ಪ್ರಮಾಣವನ್ನೂ ಹೇಳಬಹುದೆಂಬುದು ಔಷಧ ನಿಯಮಗಳನ್ನು ದೇಶದೇಶಗಳ ನಡುವೆ ಏಕರೂಪಗೊಳಿಸುವ ಐಸಿಎಚ್ ಸಂಸ್ಥೆಯ ಮಾರ್ಗಸೂಚಿಯ ಮಾತು. ಸಂಖ್ಯೆಗೆ ಇಷ್ಟೊಂದು ಗೌರವ ಸಲ್ಲಿಸುವವರು ಅದು ಹುಟ್ಟಿದ ಬಗೆಯನ್ನು ಅಷ್ಟೇ ಶ್ರದ್ಧೆಯಿಂದ ವಿಚಾರಿಸದಿರುವುದು ಶೋಚನೀಯ.

ಪೀಕಿನ ಎತ್ತರದಲ್ಲಿ ವಿವಾದಕ್ಕೆ ಹೆಚ್ಚು ಎಡೆಯಿಲ್ಲ. ತೊಡಕಿರುವುದು ಗದ್ದಲದ ಅಳತೆಯಲ್ಲಿ. ಎತ್ತರ 10 ಮಾನ, ಆಧಾರರೇಖೆಯ ಏರಿಳಿತದ ಒಟ್ಟು ಅಗಲ 2 ಮಾನ ಎಂದಿಟ್ಟುಕೊಳ್ಳೋಣ. ನೇರವಾಗಿ ಭಾಗಿಸಿದರೆ ಅನುಪಾತ 5. ಅಮೆರಿಕದ ಮತ್ತು ಯೂರೋಪಿನ ಫಾರ್ಮಕೋಪಿಯಗಳು ವಿಧಿಸುವಂತೆ ಎತ್ತರವನ್ನು ಇಮ್ಮಡಿಸಿ ಭಾಗಿಸಿದರೆ, ಅರ್ಥಾತ್ ಗದ್ದಲದ ಅರ್ಧವನ್ನಷ್ಟೇ ಎಣಿಸಿದರೆ, 10. ಇನ್ನು ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ವಿಧಾನದಲ್ಲಿ, ಯಾದೃಚ್ಛಿಕ ಗದ್ದಲದ ಆ ಮೌಲ್ಯ ಒಟ್ಟು ಅಗಲದ ಸುಮಾರು ಐದನೆಯ ಒಂದು ಭಾಗವಾಗಿರುವುದರಿಂದ, 25ರ ಆಸುಪಾಸು. ಪ್ರಮಾಣವನ್ನು ಹೇಳಲು ಒಂದೇ ಪೀಕ್ ಒಂದು ಲೆಕ್ಕದಲ್ಲಿ ಅನರ್ಹ, ಇನ್ನೊಂದರಲ್ಲಿ ಅಂಚಿನಲ್ಲಿ, ಮತ್ತೊಂದರಲ್ಲಿ ನಿಶ್ಚಿಂತವಾಗಿ ಉತ್ತೀರ್ಣ!

ಗದ್ದಲವನ್ನು ಎಲ್ಲಿ ಅಳೆಯಬೇಕೆಂಬುದೂ ಗಹನವೇ. ಅಳೆಯುವ ತುಣುಕು ಕಿರಿದಾದಷ್ಟೂ ಏರಿಳಿತ ಕಡಿಮೆಯೆನಿಸುತ್ತದೆ; ಆದುದರಿಂದಲೇ ಯೂರೋಪಿನ ಫಾರ್ಮಕೋಪಿಯ, ಬ್ಲ್ಯಾಂಕ್ ಇಂಜೆಕ್ಷನ್ನಿನಲ್ಲಿ ಪೀಕ್ ಮೂಡತಕ್ಕ ಜಾಗದ ಆಚೀಚೆ, ಅದರ ಅರ್ಧ ಎತ್ತರದ ಅಗಲಕ್ಕೆ 20 ಪಟ್ಟು ದೂರವನ್ನು ನೋಡಬೇಕೆಂದಿತು. ಇದು ವಿವೇಕದ ನಿಯಮ. ಇದನ್ನು ಬದಿಗಿಟ್ಟು, ಕ್ರೊಮ್ಯಾಟೋಗ್ರಾಮಿನ ಶಾಂತವಾದ ಮೂಲೆಯೊಂದನ್ನು ಮೌಸಿನಿಂದ ಆಯ್ದುಕೊಂಡು, ಮೇಲೆ ಸ್ಮೂದಿಂಗನ್ನೂ ಹೊದಿಸಿದರೆ ಬೇಕಾದ ಅಂಕಿ ದೊರೆಯುವುದೇನೋ ನಿಜ; ಆ ಅಂಕಿಗೆ ವಿಜ್ಞಾನದಲ್ಲಿ ಸ್ಥಾನವಿಲ್ಲ. ಮಾಸ್ ಸ್ಪೆಕ್ಟ್ರೊಮೀಟರಿನಲ್ಲಂತೂ ಸಾಫ್ಟ್‌ವೇರಿನ ಸೋಸುವಿಕೆಯಿಂದ ಆಧಾರರೇಖೆ ಶೂನ್ಯಕ್ಕಿಳಿದು, ಅನುಪಾತ ಅನಂತವಾಗಿ, ಅರ್ಥವನ್ನೇ ಕಳೆದುಕೊಳ್ಳುವುದುಂಟು.

ಒಂದೆರಡು ಇಂಜೆಕ್ಷನ್ನಿನಲ್ಲೇ ಉಪಕರಣದ ಆರೋಗ್ಯವನ್ನು ತಿಳಿಸುವ ಈ ಅಳತೆ ನಿತ್ಯದ ಪರೀಕ್ಷೆಗೆ ಉಪಯುಕ್ತವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರಿಮಾಣನಿರ್ಣಯದ ಕನಿಷ್ಠ ಮಿತಿಯನ್ನು ಇದೊಂದರ ಮೇಲೆಯೇ ನಿಲ್ಲಿಸಲಾಗದು; ಆ ಸಾಂದ್ರತೆಯ ದ್ರಾವಣವನ್ನೇ ಮತ್ತೆಮತ್ತೆ ಇಂಜೆಕ್ಟ್ ಮಾಡಿ, ಫಲಿತಾಂಶಗಳು ಎಷ್ಟು ಚದುರುತ್ತವೆಂಬುದನ್ನು ನೋಡಲೇಬೇಕು. ವರದಿ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೆ: ಅನುಪಾತದ ಪಕ್ಕದಲ್ಲೇ ಬಳಸಿದ ಸೂತ್ರವನ್ನೂ, ಗದ್ದಲವನ್ನಳೆದ ಕಾಲಾವಧಿಯನ್ನೂ, ಸ್ಮೂದಿಂಗ್ ಮಾಡಿದ್ದರೆ ಅದನ್ನೂ ನಮೂದಿಸಿರಿ.