ಹಾಳುಕೋಟೆಯ ವರ್ಣನೆಯೂ ದಾರಿ ತೋರಿದವನೂ

ಬೆಟ್ಟವನ್ನೇರಿ ಹಳೆಯ ಕೋಟೆಕೊತ್ತಲಗಳನ್ನು ನೋಡಿಬಂದು ಅದನ್ನು ಬರೆದು ಪ್ರಕಟಿಸುವ ಪದ್ಧತಿ ನಮ್ಮಲ್ಲಿ ಈಚೆಗೆ ಬಹಳವಾಗಿ ಬೆಳೆದಿದೆ. ಇದು ಸಂತೋಷದ ವಿಷಯವೇ ಸರಿ. ಸಾವನದುರ್ಗ, ಕಬ್ಬಾಳದುರ್ಗ, ರಾಮದೇವರ ಬೆಟ್ಟ ಇವುಗಳನ್ನು ಕುರಿತ ಲೇಖನಗಳು ವರ್ಷಕ್ಕೆ ಹತ್ತಾರು ಕಣ್ಣಿಗೆ ಬೀಳುತ್ತವೆ. ದೂರದ ಪೆರು ದೇಶಕ್ಕೆ ಹೋಗಿ, ಇಂಕಾ ಅರಸರ ಪಾಳುನಗರವಾದ ಮಾಚು ಪಿಚುವಿಗೆ ನಾಲ್ಕು ದಿನ ನಡೆದು ಬಂದ ಕನ್ನಡಿಗರ ಕಥನಗಳೂ ಈಗ ದುರ್ಲಭವಲ್ಲ. ಇವುಗಳನ್ನು ಓದುತ್ತ ಬಂದಂತೆ ನನ್ನ ಮನಸ್ಸಿನಲ್ಲಿ ನೆಲೆಯೂರಿದ ಒಂದು ಕೊರತೆಯನ್ನು ವಾಚಕ ಮಹಾಶಯರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದ್ದೇನೆ. ಪರರ ದೋಷವನ್ನು ಎಣಿಸುವುದು ನನ್ನ ಉದ್ದೇಶವಲ್ಲ. ಆ ದೋಷವನ್ನು ಮಾಡಿದವರಲ್ಲಿ ನಾನೂ ಒಬ್ಬನೆಂಬುದು ಮುಂದೆ ತಿಳಿದುಬರುತ್ತದೆ.

ಕೊರತೆ ಇಷ್ಟೆ. ಈ ಬರಹಗಳಲ್ಲಿ ಬೆಳಗಿನ ಮಂಜಿದೆ, ಏರುವಾಗಿನ ಏದುಸಿರಿದೆ, ಶಿಖರದಲ್ಲಿ ಬೀಸುವ ಗಾಳಿಯಿದೆ, ಮುರಿದ ಗೋಡೆಯನ್ನು ಕಂಡು ಬಿಟ್ಟ ನಿಟ್ಟುಸಿರೂ, ಕಾಲನ ಮಹಿಮೆಗೆ ಸಲ್ಲಿಸಿದ ಒಂದು ನಮಸ್ಕಾರವೂ ಇವೆ. ಇಲ್ಲದಿರುವವನು ದಾರಿ ತೋರಿದವನು. “ಊರಿನವನೊಬ್ಬನನ್ನು ಕರೆದುಕೊಂಡು ಹೊರಟೆವು” ಎಂಬ ಒಂದು ವಾಕ್ಯದಲ್ಲಿ ಅವನು ಹುಟ್ಟಿ, ಆ ವಾಕ್ಯದಲ್ಲಿಯೇ ಸಾಯುತ್ತಾನೆ. ಅಲ್ಲಿಂದ ಮುಂದೆ ಯಾವುದು ಮದ್ದಿನಮನೆ, ಯಾವುದು ಕಣಜ, ಯಾವ ದೊಣೆಯ ನೀರು ಕುಡಿಯತಕ್ಕದ್ದು ಎಂಬುದೆಲ್ಲ ಲೇಖಕನಿಗೆ ಸ್ವಯಂವೇದ್ಯವಾದಂತೆ ತೋರುತ್ತದೆ. ಸಾಲದ ಹಣವನ್ನು ಸ್ವಂತದ್ದೆಂದು ಲೆಕ್ಕಕ್ಕೆ ಬರೆದಂತೆ ಇದು.

ಇದು ಸೌಜನ್ಯದ ಮಾತಾಯಿತೇ ಹೊರತು ಸಾಹಿತ್ಯವಿಮರ್ಶೆ ಹೇಗಾಯಿತು ಎಂದು ಯಾರಾದರೂ ಕೇಳಬಹುದು. ಪಾಠಶಾಲೆಯಲ್ಲಿ ಓದಿದ ನನ್ನಂಥವನಿಗೆ ಇದಕ್ಕೆ ಉತ್ತರವಾಗಿ ಮೊದಲು ತೋಚುವುದು ಮೇಘದೂತ. ಆ ಕಾವ್ಯದ ಪೂರ್ವಭಾಗವೆಲ್ಲ ದಾರಿ ಹೇಳುವ ಮಾತೇ ಅಷ್ಟೆ. ರಾಮಗಿರಿಯಲ್ಲಿ ನಿಂತ ಯಕ್ಷನು ಮೇಘಕ್ಕೆ ಮೊದಲು ಮಾರ್ಗವನ್ನು ಹೇಳಿ, ಸಂದೇಶವನ್ನು ಆಮೇಲೆ ಹೇಳುತ್ತಾನೆ. ದಣಿದಾಗ ಯಾವ ಶಿಖರದ ಮೇಲೆ ಕಾಲೂರಬೇಕು, ಬಡವಾದಾಗ ಯಾವ ಹೊಳೆಯ ನೀರನ್ನು ಕುಡಿಯಬೇಕು, ಸುತ್ತುದಾರಿಯಾದರೂ ಉಜ್ಜಯಿನಿಯನ್ನು ಏಕೆ ಬಿಡಬಾರದು ಎಂಬುದನ್ನೆಲ್ಲ ವಿವರಿಸುತ್ತಾನೆ. (ಪಂಡಿತರು ಆ ರಾಮಗಿರಿಯನ್ನು ನಾಗಪುರದ ಬಳಿಯ ರಾಮಟೇಕ್ ಎಂದು ಗುರುತಿಸುತ್ತಾರೆ. ಆದರೂ ನಮ್ಮ ರಾಮನಗರದ ಹುಡುಗರು ಅದು ತಮ್ಮ ಬೆಟ್ಟವೇ ಎಂದು ತರಗತಿಯಲ್ಲಿ ಹಟ ಹಿಡಿಯುತ್ತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ.) ಕಾಳಿದಾಸನು ಅವಂತೀದೇಶವನ್ನು ಗುರುತಿಸುವ ಬಗೆಯನ್ನು ಇಲ್ಲಿ ಗಮನಿಸಬೇಕು. ಆ ನಾಡಿಗೆ ಅವನು ಕೊಡುವ ಲಕ್ಷಣ ಕೋಟೆಯಲ್ಲ, ಅರಮನೆಯಲ್ಲ. ಉದಯನನ ಕಥೆಯನ್ನು ಚೆನ್ನಾಗಿ ಬಲ್ಲ ಹಳ್ಳಿಯ ಮುದುಕರು. ನಗರದ ವರ್ಣನೆ ಬರುವುದು ಅದಾದ ಮೇಲೆ.

ರಘುವಂಶದ ಹದಿನಾರನೆಯ ಸರ್ಗವನ್ನು ನೋಡಿರಿ. ಹಾಳುಬಿದ್ದ ಅಯೋಧ್ಯೆಯ ಚಿತ್ರ ಅಲ್ಲಿದೆ. ನೂಪುರಗಳ ದನಿಯಿದ್ದ ಬೀದಿಗಳಲ್ಲಿ ನರಿಗಳು ಅಲೆಯುತ್ತವೆ; ಸಾಕುನವಿಲುಗಳು ಕಾಡುನವಿಲುಗಳಾಗಿವೆ; ಗೋಡೆಯ ಮೇಲೆ ಬರೆದ ಆನೆಗಳನ್ನು ನಿಜವೆಂದು ತಿಳಿದು ಸಿಂಹಗಳು ಪರಚಿವೆ. ಇದನ್ನು ಹೇಳುವವರು ಯಾರು? ಯಾತ್ರಿಕನಲ್ಲ, ಕವಿಯೂ ಅಲ್ಲ. ಆ ಊರಿನ ಅಧಿದೇವತೆಯೇ ರಾತ್ರಿಯಲ್ಲಿ ಕುಶನ ಬಳಿಗೆ ಬಂದು ಹೇಳುತ್ತಾಳೆ. ಆದುದರಿಂದಲೇ ಆ ವರ್ಣನೆ ಬರಿಯ ನಿಟ್ಟುಸಿರಾಗಿ ನಿಲ್ಲದೆ ಕುಶನನ್ನು ಅಯೋಧ್ಯೆಗೆ ಮರಳಿಸುತ್ತದೆ. ಹಾಳನ್ನು ಹೇಳುವ ಅಧಿಕಾರ ಮೊದಲು ಅಲ್ಲಿ ಇದ್ದವರದು, ನೋಡಬಂದವನದು ಅವರಿಂದ ಪಡೆದದ್ದು, ಎಂಬುದು ಮಹಾಕವಿಯ ನಡೆಯಿಂದ ನಾವು ತಿಳಿಯಬಹುದಾದ ನ್ಯಾಯ.

ಈ ನ್ಯಾಯವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಪೆರು ದೇಶದ ನಿದರ್ಶನ ಪ್ರಸಿದ್ಧವಾದದ್ದು. ಮಾಚು ಪಿಚುವು ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿದೆ. ಅದು ಹದಿನೈದನೆಯ ಶತಮಾನದಲ್ಲಿ, ಎಂದರೆ ನಮ್ಮಲ್ಲಿ ವಿಜಯನಗರವು ಬಾಳುತ್ತಿದ್ದ ಕಾಲದಲ್ಲಿ ಕಟ್ಟಿದ ನಗರ. 1911ನೆಯ ಇಸವಿ ಜುಲೈ 24ರಂದು ಅಮೆರಿಕದ ಹೈರಮ್ ಬಿಂಗ್‌ಹ್ಯಾಮ್ ಎಂಬಾತನು ಅಲ್ಲಿಗೆ ಏರಿದನು. ಲೋಕವು ಅವನನ್ನು ಆ ನಗರವನ್ನು ಕಂಡುಹಿಡಿದವನೆಂದು ಕೊಂಡಾಡಿತು. ಆದರೆ ಅಲ್ಲಿ ಹಾಳಿದೆಯೆಂದು ತಿಳಿಸಿ ಬೆಟ್ಟಕ್ಕೆ ಕರೆದೊಯ್ದವನು ಮೆಲ್ಚೋರ್ ಆರ್ತಿಯಾಗ ಎಂಬ ಅಲ್ಲಿಯ ಒಕ್ಕಲಿಗ. ಮೇಲೆ ಹೋದರೆ ಇಂಕಾ ಜನ ಕಟ್ಟಿದ ಮೆಟ್ಟಿಲುಗದ್ದೆಗಳಲ್ಲಿಯೇ ಬೇಸಾಯಗಾರರ ಕುಟುಂಬಗಳು ಬೆಳೆ ತೆಗೆಯುತ್ತಿದ್ದವು. ಅಲ್ಲಿಂದ ಮುಂದೆ ದಾರಿ ತೋರಿದವನು ಒಬ್ಬ ಚಿಕ್ಕ ಹುಡುಗ. ಗೋಡೆಯೊಂದರ ಮೇಲೆ ಲಿಸಾರ್ರಾಗ ಎಂಬ ಹೆಸರೂ 1902 ಎಂಬ ವರ್ಷವೂ ಆಗಲೇ ಬರೆದಿದ್ದವು. ಬಿಂಗ್‌ಹ್ಯಾಮನು ಆ ಹೆಸರನ್ನು ತನ್ನ ದಿನಚರಿಯಲ್ಲಿ ಪ್ರಾಮಾಣಿಕವಾಗಿಯೇ ಗುರುತು ಹಾಕಿಕೊಂಡನು. ಆದರೆ ಕಾಲ ಕಳೆದಂತೆ ಅವನ ಬರಹಗಳಲ್ಲಿ ಅದು ಮಸುಕಾಯಿತು. ಹೆಸರು ಬಿಟ್ಟುಹೋದೊಡನೆ ಕಥೆಯೇ ಬೇರೆಯಾಯಿತು. ಜನರು ವಾಸವಾಗಿದ್ದ ಸ್ಥಳವು “ಕಳೆದುಹೋದ ನಗರ”ವಾಯಿತು.

ಈಗ ಆ ನಾಲ್ಕು ದಿನಗಳ ದಾರಿಯಲ್ಲಿ, ಸುಮಾರು 42 ಕಿಲೋಮೀಟರ್ ದೂರವನ್ನು, ಸರಕಾರದ ಅಪ್ಪಣೆ ಪಡೆದ ಮಾರ್ಗದರ್ಶಿಯಿಲ್ಲದೆ ಯಾರೂ ನಡೆಯುವಂತಿಲ್ಲ. ಮಾರ್ಗದರ್ಶಿಗಳೂ ಹೊರೆಯಾಳುಗಳೂ ಸೇರಿ ದಿನಕ್ಕೆ 500 ಮಂದಿಗೆ ಮಾತ್ರ ಪ್ರವೇಶ. ಫೆಬ್ರವರಿಯಲ್ಲಿ ದಾರಿಯನ್ನು ದುರಸ್ತಿಗಾಗಿ ಮುಚ್ಚುತ್ತಾರೆ. ಇಂಥ ವಿವರಗಳನ್ನು ನಮ್ಮ ಲೇಖಕರು ತಪ್ಪದೆ ಕೊಡುತ್ತಾರೆ. ನಾಲ್ಕು ಸಾವಿರದ ಇನ್ನೂರು ಮೀಟರ್ ಎತ್ತರದ ಕಣಿವೆಬಾಯಿಗೆ ಕೆಚುವಾ ಭಾಷೆಯಲ್ಲಿ “ಸತ್ತ ಹೆಂಗಸು” ಎಂದು ಅರ್ಥ ಬರುವ ಹೆಸರಿರುವುದನ್ನೂ ಹೇಳುತ್ತಾರೆ. ಆದರೆ ಮೂರು ರಾತ್ರಿ ತಮಗಾಗಿ ಗುಡಾರ ಹೂಡಿ ಅಡಿಗೆ ಮಾಡಿ ಬಡಿಸಿದವರು ಆ ಹೆಸರಿಗೆ ಏನು ಕಥೆ ಹೇಳುತ್ತಾರೆಂದು ಕೇಳಿ ಬರೆದವರನ್ನು ನಾನು ಇನ್ನೂ ಓದಿಲ್ಲ.

ಅಷ್ಟು ದೂರ ಹೋಗುವುದೇಕೆ? ನಮ್ಮ ಕಬ್ಬಾಳದುರ್ಗವನ್ನು “ರಮಣೀಯ”, “ಮನೋಹರ” ಎಂಬ ಎರಡು ವಿಶೇಷಣಗಳಿಂದ ಮುಗಿಸಿಬಿಟ್ಟ ಲೇಖನಗಳನ್ನು ಕಂಡಿದ್ದೇನೆ. 1734ರಲ್ಲಿ ಪದಚ್ಯುತನಾದ ಮೈಸೂರಿನ ಚಾಮರಾಜ ಒಡೆಯರನ್ನು ಸೆರೆಯಿಟ್ಟದ್ದು ಆ ಬೆಟ್ಟದಲ್ಲಿ. ಅವರು ಪ್ರಾಣ ಬಿಟ್ಟದ್ದೂ ಅಲ್ಲಿಯೇ. ಕೆಳಗಿನ ಕಬ್ಬಾಳಿನಲ್ಲಿ ಅರ್ಧ ಗಳಿಗೆ ಕುಳಿತು ಊರಿನವರ ಮಾತು ಕೇಳಿದ್ದರೆ ಆ ವಿಶೇಷಣಗಳು ಬಾಯಿಗೆ ಬರುತ್ತಿರಲಿಲ್ಲ. ರಾಮನಗರದ ಬೆಟ್ಟಗಳಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಕಳ್ಳನು ನಿಂತ ಬಂಡೆಯನ್ನು ತೋರಿಸುವವರು ಅಲ್ಲಿ ಬೇಕಾದಷ್ಟು ಮಂದಿ. ಕಾಕಾಸುರನ ಕಥೆಯನ್ನಾಗಲಿ, 2012ರಲ್ಲಿ ರಕ್ಷಿತಧಾಮವಾದ ಮೇಲೂ ಕಷ್ಟದಿಂದ ಉಳಿದಿರುವ ರಣಹದ್ದುಗಳ ವಿಷಯವನ್ನಾಗಲಿ ಅವರು ಹೇಳುವುದು ಕಡಮೆ. ಇದಕ್ಕೆ ಅವರನ್ನು ದೂರಿ ಫಲವಿಲ್ಲ. ಬಂದವರು ಕೇಳಿದ್ದನ್ನು ಅವರು ಹೇಳುತ್ತಾರೆ. ಪ್ರಶ್ನೆ ಕೀಳಾದರೆ ಉತ್ತರ ಮೇಲಾಗದು.

ಸಾವನದುರ್ಗವನ್ನು ಕುರಿತ ಹಳೆಯ ಬರಹಗಳಲ್ಲಿ ಎರಡು ಬಗೆಗಳಿವೆ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯವು ಅದನ್ನು ಹಿಡಿಯಿತು. ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಬೆಟ್ಟವನ್ನು ಬರೆದು 1794ರಲ್ಲಿ ಅಚ್ಚುಹಾಕಿಸಿದನು. ಅವು ಗೆದ್ದವನು ದೂರದಿಂದ ಕಂಡ ಬೆಟ್ಟದ ಚಿತ್ರಗಳು. ಅಂದಿನ ಆಂಗ್ಲ ಬರಹಗಳು ಹೆಸರಿನಲ್ಲಿ ‘ಸಾವು’ ಎಂಬ ಪದವನ್ನು ಕಂಡು ಅದನ್ನು ಮೃತ್ಯುಶಿಲೆಯೆಂದವು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನೂ ಕಂಪನಿಯ ಕೆಲಸಕ್ಕಾಗಿಯೇ ಬಂದವನು. ಆದರೆ ಅವನು ಮಾಗಡಿಯ ಸುತ್ತಿನ ಕಾಡಿನ ಮರಗಳ ಹೆಸರುಗಳನ್ನು ಇಲ್ಲಿಯವರ ಬಾಯಿಂದ ಕೇಳಿ ಕನ್ನಡ ಹೆಸರುಗಳಲ್ಲಿಯೇ ಬರೆದುಕೊಂಡನು. ಪರದೇಶದ ಅಧಿಕಾರಿ ಮಾಡಿದಷ್ಟನ್ನು ಈ ನೆಲದಲ್ಲಿ ಹುಟ್ಟಿದ ನಾವು ಮಾಡಿಲ್ಲವಲ್ಲ!

ಈಗ ನನ್ನ ತಪ್ಪಿನ ಮಾತು. 1989ರ ಫೆಬ್ರವರಿಯಲ್ಲಿ ನಾನು ಪ್ರೌಢಶಾಲೆಯ ಹದಿನಾಲ್ಕು ಮಂದಿ ಹುಡುಗರನ್ನು ಕರೆದುಕೊಂಡು ಮೂರು ದಿನಗಳ ಕಾಲ್ನಡಿಗೆಗೆ ಹೊರಟೆನು. ಮೊದಲ ದಿನ ಮಾಗಡಿಯ ಸೋಮೇಶ್ವರ, ರಂಗನಾಥ ದೇವಾಲಯಗಳನ್ನು ನೋಡಿಕೊಂಡು ಸಾವನದುರ್ಗದ ತಪ್ಪಲಿಗೆ ಬಂದೆವು. ಮಾರನೆಯ ದಿನ ಕರಿಗುಡ್ಡವನ್ನೇರಿ, ಮೂರನೆಯ ದಿನ ರಾಮನಗರದ ಕಡೆಗೆ ನಡೆದೆವು. ಬೆಟ್ಟಕ್ಕೆ ದಾರಿ ತೋರಲು ದನ ಮೇಯಿಸುವ ಒಬ್ಬ ಮುದುಕರು ಬಂದರು. ಕೋಲೂರಿಕೊಂಡು ನಮಗಿಂತ ಮುಂದೆ ನಡೆಯುತ್ತ, ಜಾರುವ ಹುಡುಗನ ತೋಳನ್ನು ತಿರುಗಿ ನೋಡದೆಯೇ ಹಿಡಿಯುತ್ತ, ಒಂದೊಂದು ದೊಣೆಗೂ ಇರುವ ಹೆಸರನ್ನೂ ಅದರಲ್ಲಿ ಎಂದಿನವರೆಗೆ ನೀರು ನಿಲ್ಲುತ್ತದೆಂಬುದನ್ನೂ ಹೇಳಿಕೊಂಡು ಹೋದರು. ಬೆಟ್ಟವನ್ನು ಅವರು ಸಾವಂದಿ ಎಂದು ಕರೆದರು. ವಿಜಯನಗರದ ಕಾಲದಲ್ಲಿ ಸಾಮಂತರಾಯನೆಂಬ ಅಧಿಕಾರಿ ಈ ಕೋಟೆಯನ್ನು ಕಟ್ಟಿಸಿದನೆಂದು ನಾನು ಓದಿದ್ದೆನು. ಹುಡುಗರೆದುರಿಗೆ ಅವರನ್ನು ತಡೆದು, “ಅದು ಅಪಭ್ರಂಶ, ಯಜಮಾನರೇ, ಸಾಮಂತದುರ್ಗ ಎನ್ನಬೇಕು” ಎಂದೆನು. ಅವರು ಕೋಪಿಸಿಕೊಳ್ಳಲಿಲ್ಲ. “ನಮ್ಮ ಹಿರೀಕರು ಸಾವಂದಿ ಅಂತಲೇ ಅಂದರು, ಮೇಷ್ಟ್ರೇ, ನಾನೂ ಅಂಗೇ ಅಂತೀನಿ” ಎಂದರು. ಆ ಮೇಲೆ ಇಳಿಯುವವರೆಗೆ ಯಾವುದರ ಹೆಸರನ್ನೂ ತಾವಾಗಿ ಹೇಳಲಿಲ್ಲ.

ಊರಿಗೆ ಬಂದು ಒಂದು ಲೇಖನ ಬರೆದೆನು. “ಬೆಟ್ಟದಲ್ಲಿ ಅನೇಕ ನೀರಿನ ದೊಣೆಗಳಿವೆ” ಎಂಬುದು ಅದರಲ್ಲಿನ ಒಂದು ವಾಕ್ಯ. ಬಹಳ ವರ್ಷಗಳ ಮೇಲೆ, ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಮಾಡಬಾಳಿನ ಶಾಸನದ ಪ್ರಸ್ತಾಪವನ್ನು ಓದುವಾಗ ನನ್ನ ಕೈ ನಿಂತಿತು. ಅಲ್ಲಿ ಬೆಟ್ಟದ ಹೆಸರು ಸಾವಂದಿ. ಸಾಮಂತರಾಯನಿಗಿಂತ ಇನ್ನೂರು ವರ್ಷ ಹಿಂದಿನ ಮಾತು ಅದು. ಆರೂವರೆ ಶತಮಾನ ಬಾಯಿಂದ ಬಾಯಿಗೆ ನಡೆದುಬಂದ ಹೆಸರನ್ನು, ಅಚ್ಚಿನ ಅಕ್ಷರದ ಬಲದಿಂದ ನಾನು ತಿದ್ದಹೋಗಿದ್ದೆನು. ಉದಯನನ ಕಥೆಯನ್ನು ಬಲ್ಲ ಗ್ರಾಮವೃದ್ಧರ ಶ್ಲೋಕವನ್ನು ವರ್ಷವರ್ಷವೂ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದವನಿಗೆ, ಎದುರಿಗೆ ನಿಂತ ಗ್ರಾಮವೃದ್ಧನು ಕಾಣಲಿಲ್ಲ.

ದಾರಿ ತೋರಿದವನ ಮಾತೆಲ್ಲ ಪ್ರಮಾಣವೆಂದು ನಾನು ವಾದಿಸುವುದಿಲ್ಲ. ಮಾಚು ಪಿಚು ಎಂಬ ಹೆಸರೂ ಊರಿನವರಿಂದ ಬಂದುದೇ. ಆದರೆ ಇಂಕಾ ಜನ ಅದನ್ನು ಹುಯ್ನಾ ಪಿಚು ಎಂದು ಕರೆಯುತ್ತಿದ್ದಿರಬೇಕೆಂದು ವಿದ್ವಾಂಸರು 2021ರಲ್ಲಿ ಹಳೆಯ ದಾಖಲೆಗಳಿಂದ ತೋರಿಸಿದರು. ಕೇಳಿದ್ದನ್ನು ಪರೀಕ್ಷಿಸಬೇಕು, ನಿಜ. ಆದರೆ ಬರೆದಿಟ್ಟಿದ್ದರೆ ತಾನೆ ಪರೀಕ್ಷೆ? ಆರ್ತಿಯಾಗನ ಮಾತು ದಾಖಲಾದುದರಿಂದಲೇ ನೂರು ವರ್ಷಗಳ ಮೇಲೆ ಅದನ್ನು ತಿದ್ದಲು ಸಾಧ್ಯವಾಯಿತು. ನಮ್ಮ ಮುದುಕರ ಮಾತನ್ನು ತಿದ್ದುವುದಕ್ಕೂ ಈಗ ಅವಕಾಶವಿಲ್ಲ, ಒಪ್ಪುವುದಕ್ಕೂ ಅವಕಾಶವಿಲ್ಲ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಬೆಟ್ಟಗಳನ್ನು ಕುರಿತು ಬರೆಯುವ ತರುಣರಲ್ಲಿ ನನ್ನ ಪ್ರಾರ್ಥನೆ ಇದು. ಮಂಜನ್ನು ಒಂದು ವಾಕ್ಯದಲ್ಲಿ ಮುಗಿಸಿರಿ. ಊರಿನವರು ಕಲ್ಲಿಗೆ, ದೊಣೆಗೆ, ದಿಡ್ಡಿಬಾಗಿಲಿಗೆ ಇಟ್ಟಿರುವ ಹೆಸರುಗಳನ್ನು ಅವರ ಉಚ್ಚಾರಣೆಯಲ್ಲಿಯೇ ಬರೆಯಿರಿ. ಹೇಳಿದವರು ಯಾರೆಂಬುದನ್ನೂ, ಅವರು ಒಪ್ಪಿದರೆ, ಬರೆಯಿರಿ. ವ್ಯುತ್ಪತ್ತಿಯನ್ನು ಆಮೇಲೆ ನೋಡಿಕೊಳ್ಳಬಹುದು. ಪ್ರವಾಸಗ್ರಂಥದ ಸತ್ಯವನ್ನು ಅಳೆಯಲು ನನಗೆ ಇದಕ್ಕಿಂತ ಬೇರೆ ಅಳತೆಗೋಲು ತೋರುವುದಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಆ ತಪ್ಪಲಿನ ಹಳ್ಳಿಗೆ ಹೋಗಿ ಅವರನ್ನು ವಿಚಾರಿಸಿದೆನು. “ಯಾವ ಅಜ್ಜ, ಸ್ವಾಮಿ? ದನ ಹೊಡಕೊಂಡು ಮೇಲಕ್ಕೆ ಹೋಗುತ್ತಿದ್ದ ಅಜ್ಜಂದಿರು ಬೇಕಾದಷ್ಟು ಜನ ಇದ್ದರು. ಹೆಸರೇನು?” ಎಂದು ಕೇಳಿದರು. ನಾನು ಉತ್ತರ ಹೇಳಲಾರದೆ ನಿಂತೆನು. ಬೆಳಗಿನಿಂದ ಸಂಜೆಯವರೆಗೆ ಅವರ ಹಿಂದೆ ನಡೆದಿದ್ದ ನಾನು ಅವರ ಹೆಸರನ್ನು ಕೇಳಿರಲಿಲ್ಲ.